ಊರೊಟ್ಟಿನ ತಪ್ಪು

ತಪ್ಪು ಒಪ್ಪಿಕೊಳ್ಳುವುದಕ್ಕೆ ಆ ಊರಿನವರಿಗೆ ಒಂದು ಒಳ್ಳೆಯ ಉಪಾಯ ಗೊತ್ತಿತ್ತು. ಊರಿನಿಂದ ಯಾರಿಗಾದರೂ ಅನ್ಯಾಯವಾದರೆ ಮನೆಗೊಂದು ಹಿಡಿ ಕಾಳು ತಂದು ಚಾವಡಿಯ ಮುಂದೆ ಹಾಸಿದ ಕಂಬಳಿಯ ಮೇಲೆ ಸುರಿಯುವುದು. ಜೋಳ ಬೆಳೆದವರು ಜೋಳ, ನವಣೆ ಬೆಳೆದವರು ನವಣೆ, ಇಲ್ಲವೆ ಸಜ್ಜೆ, ಹುರುಳಿ, ಯಾರ ಮನೆಯಲ್ಲಿ ಏನಿದೆಯೋ ಅದು. ಆಮೇಲೆ ಹಿರಿಯನೊಬ್ಬ ಎರಡೂ ಕೈ ಹಾಕಿ ಚೆನ್ನಾಗಿ ಕಲಸುತ್ತಾನೆ. ಯಾರ ಹಿಡಿ ಯಾವುದೆಂದು ಆ ಬ್ರಹ್ಮನಿಗೂ ತಿಳಿಯಬಾರದು, ಹಾಗೆ. ಅನ್ಯಾಯಕ್ಕೊಳಗಾದವನು ಬಂದು ರಾಶಿಯಿಂದ ಒಂದು ಬೊಗಸೆ ಎತ್ತಿಕೊಂಡು, ಮನೆಯಲ್ಲಿ ಬೇಯಿಸಿ ಉಂಡರೆ ಮುಗಿಯಿತು. ಆಮೇಲೆ ಆ ಮಾತನ್ನು ಯಾರೂ ಎತ್ತುವ ಹಾಗಿಲ್ಲ. ಉಂಡವನಂತೂ ಬಾಯಿ ಬಿಡುವ ಹಾಗೇ ಇಲ್ಲ. ಇದಕ್ಕೆ ಹಿಡಿಕಾಳು ಕೂಡಿಸುವುದು ಎನ್ನುತ್ತಿದ್ದರು.

ಅಂಜಿನಮ್ಮನ ಅಕ್ಕ ಕರಿಬಸಮ್ಮ ಸತ್ತು ತಿಂಗಳಾಗುತ್ತ ಬಂದಾಗ, ಅವಳ ಅಪ್ಪ ಓಬಣ್ಣನಿಗೆ ಹಿಡಿಕಾಳು ಕೂಡಿಸುತ್ತೇವೆಂದು ಊರಿನಿಂದ ಹೇಳಿಕೆ ಬಂತು. ಹೇಳಿಕೆ ತಂದವನು ತಳವಾರ ಹನುಮಣ್ಣ. ಕೇರಿಯೊಳಕ್ಕೆ ಬಾರದೆ, ಹುಣಸೆಮರದ ಹತ್ತಿರವೇ ನಿಂತು ಕೂಗಿದ.

"ಓಬಣ್ಣ, ಬರೋ ಸೋಮವಾರ ಚಾವಡಿಗೆ ಬಾ. ಊರಿಗೆ ಊರೇ ತಪ್ಪಾತು ಅಂತಾ ಐತೆ. ಯಾರಿಗೈತೆ ಇಂಥ ಮರ್ಯಾದೆ!"

"ಬರ್ತೀನಪ್ಪ" ಎಂದ ಓಬಣ್ಣ.

ಒಲೆಯ ಮುಂದೆ ಕೂತಿದ್ದ ಅಂಜಿನಮ್ಮನಿಗೆ ಊದುಗೊಳವೆ ತೆಗೆದು ಹನುಮಣ್ಣನ ಕಡೆಗೆ ಬೀಸಬೇಕೆನಿಸಿತು. ಬೀಸಲಿಲ್ಲ. ಅವಳು ಬಿ.ಎ. ಮುಗಿಸಿದ್ದಳು, ಆದರೆ ಕಾಲೇಜಿನಲ್ಲಿ ಹಾಜರಿ ಕರೆದಾಗಲೂ ಅವಳ ದನಿ ಮೇಷ್ಟರ ಮೇಜಿನವರೆಗೆ ಹೋದದ್ದಿಲ್ಲ. ಸಿಟ್ಟೆಲ್ಲ ಒಳಗೇ ಕುದಿದು ಒಳಗೇ ಸೀದು ಹೋಗುತ್ತಿತ್ತು.

ಆದದ್ದು ಇಷ್ಟು. ಎಂಬತ್ತೆರಡರ ಬೇಸಿಗೆಯಲ್ಲಿ ಮಕ್ಕಳಿಗೆ ವಾಂತಿಭೇದಿ ಹತ್ತಿಕೊಂಡಿತು. ಮೊದಲು ಹತ್ತಿಕೊಂಡದ್ದು ಕೇರಿಯಲ್ಲಿ, ಯಾಕೆಂದರೆ ಕೇರಿಯ ಬಾವಿಯಲ್ಲಿ ಉಳಿದದ್ದು ಬರೀ ಬಗ್ಗಡ. ಊರಿನವರ ಮಾತು ಬೇರೆಯೇ ಆಗಿತ್ತು. ರಸ್ತೆ ಗ್ಯಾಂಗಿನಲ್ಲಿ ಕೆಲಸ ಮಾಡುವ ಓಬಣ್ಣ ದಾವಣಗೆರೆಯ ಸಭೆಗೆ ಹೋಗಿ ದೀಕ್ಷೆ ತಗೊಂಡು ಬಂದ. ದೇವರ ಗೂಡಿನಿಂದ ಅಮ್ಮನನ್ನು ಎತ್ತಿ ಬುದ್ಧನ ಪಟ ಇಟ್ಟ. ಅವನನ್ನು ನೋಡಿ ಮತ್ತೆ ನಾಲ್ಕು ಮನೆಯವರು ಹಾಗೇ ಮಾಡಿದರು. ಕೇರಿಯ ಕರ್ಮ ಊರಿಗೆ ಬಡಿಯಿತು. ಅದಕ್ಕೆ ಹೊರಬೀಡು ಸಾರಿದರು.

ಹೊರಬೀಡೆಂದರೆ ಬೆಳಕು ಹರಿಯುವ ಮುಂಚೆ ಊರಿಗೆ ಊರೇ ಮನೆ ಬಿಟ್ಟು ಹೊಲ ಸೇರಬೇಕು, ದನಕರು ಕೋಳಿ ಸಮೇತ. ಅಡುಗೆ, ಊಟ, ಎಲ್ಲವೂ ಮರದ ಕೆಳಗೆ. ಊರಿನ ಎರಡೂ ಬಾಯಿಗೆ ಜಾಲಿಮುಳ್ಳು ಬಡಿದು ಕಾವಲು ನಿಲ್ಲಿಸುತ್ತಾರೆ. ದೀಪ ಹಚ್ಚುವ ಹೊತ್ತಿನ ತನಕ ನರಪಿಳ್ಳೆ ಒಳಗೆ ಕಾಲಿಡಬಾರದು. ಇಟ್ಟರೆ, ಹೊರಗೆ ಹೋದ ಪೀಡೆ ಅವರ ಬೆನ್ನು ಹಿಡಿದು ಒಳಗೆ ಬರುತ್ತದೆಂದು ನಂಬಿಕೆ.

ಕರಿಬಸಮ್ಮ ಚೊಚ್ಚಲ ಹೆರಿಗೆಗೆಂದು ನ್ಯಾಮತಿಯಿಂದ ತವರಿಗೆ ಬಂದಿದ್ದಳು. ನೋವು ಬಂದದ್ದು ಹೊರಬೀಡಿನ ಹಿಂದಿನ ರಾತ್ರಿ. ಕೇರಿಯ ಸೂಲಗಿತ್ತಿ ಸುಂಕಲಮ್ಮ ಬೆಳಗಿನ ತನಕ ನೋಡಿ, "ಕೂಸು ಅಡ್ಡ ಐತೆ ಓಬಣ್ಣ, ನನ್ನ ಕೈಲಿ ಇಲ್ಲ, ಜಗಳೂರಿಗೆ ಒಯ್ಯಿ" ಎಂದಳು. ಗಾಡಿ ಕಟ್ಟಿದರು. ಜಗಳೂರಿಗೆ ಹೋಗುವ ಸೊಕ್ಕೆಯ ಬಸ್ಸಿನ ರಸ್ತೆ ಹಿಡಿಯಬೇಕಾದರೆ ಊರ ನಡುವಿನ ಬೀದಿ ದಾಟಬೇಕು. ಊರ ಬಾಯಲ್ಲಿ ಮುಳ್ಳು. ಮುಳ್ಳಿನ ಮುಂದೆ ದೊಣ್ಣೆ ಹಿಡಿದ ರಂಗಣ್ಣ. ಜಗಳೂರಿನ ಹೈಸ್ಕೂಲಿಗೆ ಅಂಜಿನಮ್ಮನ ಜೊತೆಗೇ ಹೋಗಿ ಬಂದವನು. ಆಚೆ ಬೇವಿನ ಮರದ ಕೆಳಗೆ ಗೌಡರು ಪಂಚಾಕ್ಷರಪ್ಪ, ಪೂಜಾರಿ ಮಹೇಶ್ವರಪ್ಪ, ಇನ್ನೂ ಒಂದಿಷ್ಟು ಜನ ಎಲೆಅಡಿಕೆ ಹಾಕಿಕೊಂಡು ಕೂತಿದ್ದರು.

"ಗೌಡ್ರೆ, ಒಂದೇ ಒಂದು ಬೀದಿ. ಯಾರೂ ಗಾಡಿ ಇಳಿಯಲ್ಲ. ಹಂಗೇ ದಾಟಿಕೊಂಡು ಹೋಗ್ತೀವಿ" ಎಂದು ಓಬಣ್ಣ ಕೈ ಮುಗಿದ.

"ನಂದೇನೈತೋ ಓಬಣ್ಣ ಇದರಾಗೆ? ಊರು ಕಟ್ಟು ಹಾಕೈತೆ. ಊರನ್ನ ಕೇಳು."

ಊರನ್ನು ಕೇಳುವುದು ಎಂದರೆ ಯಾರನ್ನು? ಓಬಣ್ಣ ಕೂತವರ ಕಡೆ ತಿರುಗಿದ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಗಾಡಿಯೊಳಗಿನ ಕೂಗಿಗೆ ಎತ್ತುಗಳು ಕೂಡ ಕಿವಿ ನಿಮಿರಿಸಿ ನಿಂತವು. ಆಗ ಹೆಂಗಸರ ಗುಂಪಿನಿಂದ ಎದ್ದು ಬಂದವಳು ದುರುಗಕ್ಕ, ಪಂಚಾಕ್ಷರಪ್ಪನ ಅಣ್ಣನ ಹೆಂಡತಿ, ಗಂಡ ಸತ್ತ ಮೇಲೆ ಮೈದುನನ ಮನೆಯಲ್ಲೇ ಇದ್ದವಳು. "ಬಿಡ್ರೋ, ನಿಮ್ಮ ಕಟ್ಟು ಹಾಳಾಗ!" ಎಂದು ಬರಿಗೈಯಲ್ಲಿ ಮುಳ್ಳಿನ ಕೊಂಬೆ ಹಿಡಿದು ಎಳೆದಳು. ಗಾಡಿ ಹಾಯುವಷ್ಟು ದಾರಿ ಇನ್ನೇನು ಆಗಬೇಕು, ರಂಗಣ್ಣ ಆ ಕೊಂಬೆಯನ್ನು ಮತ್ತೆ ಎಳೆದು ಅಡ್ಡ ಹಾಕಿದ. ದುರುಗಕ್ಕನ ಅಂಗೈ ಸೀಳಿ ರಕ್ತ ಸುರಿಯಿತು. ಇಬ್ಬರು ಬಂದು ಅವಳನ್ನು ಹಿಡಿದು ಕೂರಿಸಿದರು.

ಗಾಡಿ ಹಳ್ಳದ ದಾರಿ ಹಿಡಿಯಿತು. ಉಸುಕಿನಲ್ಲಿ ಗಾಲಿ ಹೂತವು. ಗಾಲಿ ಎತ್ತುವಷ್ಟರಲ್ಲಿ ಕರಿಬಸಮ್ಮನ ಕೂಗು ನಿಂತುಹೋಗಿತ್ತು. ಅಂಜಿನಮ್ಮನ ಮುಂಗೈ ಹಿಡಿದಿದ್ದ ಅಕ್ಕನ ಬೆರಳುಗಳನ್ನು ಸುಂಕಲಮ್ಮ ಒಂದೊಂದಾಗಿ ಬಿಡಿಸಬೇಕಾಯಿತು.

ಈಗ ಅದೇ ಊರು ಹಿಡಿಕಾಳು ಕೂಡಿಸುತ್ತದಂತೆ.

"ಹೋಗಬ್ಯಾಡ ಅಪ್ಪ" ಎಂದಳು ಅಂಜಿನಮ್ಮ, ಹನುಮಣ್ಣ ಮರೆಯಾದ ಮೇಲೆ.

"ಹೋಗದೆ? ಕೇರಿಯೋರು ದುಡಿಯಾಕೆ ಹೋಗೋದು ಅವರ ಹೊಲಕ್ಕೇ. ನೀರಿಗೆ ಹೋಗೋದು ಅವರ ಕಪಿಲೆ ಬಾವಿಗೇ. ಏನು ಮಾಡಾಕಾಗ್ತದೆ, ನಮ್ಮ ಕೇರೀದೂ ಏನೋ ಕರ್ಮ ಇರಬೇಕು."

ಅವಳು ದಡಕ್ಕನೆ ಎದ್ದಳು. "ಈ ಮಾತು ಆಡಾಕೆ ನೀನು ದೀಕ್ಷೆ ಯಾಕೆ ತಗೊಂಡೆ? ಅಮ್ಮನ್ನ ಯಾಕೆ ಗೂಡಿನಿಂದ ತೆಗೆದೆ? ಈ ಮಾತು ಆಡೋದಾಗಿದ್ರೆ ಅವಳೇ ಇರಬಹುದಿತ್ತಲ್ಲ ಅಲ್ಲಿ!"

ಓಬಣ್ಣ ಮಗಳ ಮುಖವನ್ನೇ ನೋಡಿದ. ಅವಳು ಇಷ್ಟು ಮಾತು ಒಟ್ಟಿಗೆ ಆಡಿದ್ದನ್ನು ಅವನು ಕೇಳಿರಲಿಲ್ಲ. ಬೈಯಲಿಲ್ಲ. "ನಾಳೆ ನ್ಯಾಮತಿಗೆ ಹೋಗೋದೈತೆ. ದೀಕ್ಷೆ ಕೊಟ್ಟ ಭಂತೇಜಿ ಹೊನ್ನಾಳಿಯಾಗೆ ಇದಾರಂತೆ. ಅವರನ್ನೇ ಕೇಳು" ಎಂದು ಹೊರಗೆ ಹೋಗಿ ಕೂತ.

ನ್ಯಾಮತಿಗೆ ಹೋದದ್ದು ಅಕ್ಕನ ಟ್ರಂಕು ಒಪ್ಪಿಸುವುದಕ್ಕೆ. ಅವಳ ಗಂಡ ನಾಗೇಂದ್ರಪ್ಪ ಬಸ್‌ಸ್ಟ್ಯಾಂಡಿನ ಹತ್ತಿರ ಹೊಲಿಗೆ ಅಂಗಡಿ ಇಟ್ಟಿದ್ದ. ಟ್ರಂಕನ್ನು ತೆರೆಯದೆ ಮೆಷಿನ್ನಿನ ಕೆಳಗೆ ತಳ್ಳಿ, ಮಾವನಿಗೂ ನಾದಿನಿಗೂ ಚಹಾ ತರಿಸಿದ. "ಕೂಸಿಗೆ ಅಂತ ಹೊಲಿದಿದ್ದು ಅದರಾಗೇ ಐತಲ್ಲ?" ಎಂದು ಕೇಳಿದ. ಐತೆ ಎಂದು ಅಂಜಿನಮ್ಮ ತಲೆಯಾಡಿಸಿದಳು. ಅವನು ಮತ್ತೆ ಪೆಡಲ್ ತುಳಿಯತೊಡಗಿದ, ಸೂಜಿಯ ಕೆಳಗೆ ಬಟ್ಟೆ ಇಲ್ಲ ಎಂಬುದನ್ನೂ ನೋಡದೆ.

ವಾಪಸು ಬರುವಾಗ ಹೊನ್ನಾಳಿಯಲ್ಲಿ ಇಳಿದರು. ಭಂತೇಜಿ ಒಬ್ಬ ಬಸ್ ಕಂಡಕ್ಟರನ ಮನೆಯ ಜಗಲಿಯ ಮೇಲೆ ಕೂತಿದ್ದರು. ಚನ್ನಗಿರಿ ಕಡೆಯವರು, ಉಬ್ರಾಣಿಯಲ್ಲಿ ಹುಟ್ಟಿದವರು, ಚೀವರ ಉಟ್ಟು ಬೌದ್ಧ ಭಿಕ್ಷುವಾಗುವ ಮುಂಚೆ ಮೇಷ್ಟರಾಗಿದ್ದವರು. ಓಬಣ್ಣ ನಡೆದದ್ದೆಲ್ಲ ಹೇಳಿ, "ನನ್ನ ಮಗಳು ಏನೋ ಕೇಳಬೇಕಂತೆ" ಎಂದು ಸರಿದು ಕೂತ. ಅಂಜಿನಮ್ಮ ನೆಲ ನೋಡುತ್ತ ಕೇಳಿದಳು.

"ಒಂದು ಕೇರಿಗೆ ಅಂತ ಕರ್ಮ ಇರುತ್ತಾ ಭಂತೇಜಿ? ಒಂದು ಊರಿಗೆ ಅಂತ?"

"ಬಂದ ನೋವೆಲ್ಲ ಹಿಂದಿನ ಕರ್ಮದಿಂದಲೇ ಬಂದಿದ್ದು ಅಂತ ಬುದ್ಧರು ಹೇಳಿಲ್ಲಮ್ಮ. ಪಿತ್ತ ಕೆರಳಿದ್ರೂ ನೋವು ಬರ್ತೈತೆ, ಹವಾ ಕೆಟ್ರೂ ಬರ್ತೈತೆ, ಯಾರಾದ್ರೂ ಬಡಿದ್ರೂ ಬರ್ತೈತೆ. ಎಲ್ಲ ಬಡಿಸಿಕೊಂಡೋನ ಕರ್ಮ ಅಂದುಬಿಟ್ರೆ ಬಡಿದೋನಿಗೆ ಬಾಳ ಆರಾಮ."

"ಊರಿಂದು?"

"ಮನಸ್ಸಿಟ್ಟು ಮಾಡಿದ್ದು ಕರ್ಮ. ಊರಿಗೆ ಎಲ್ಲೈತೆ ಮನಸ್ಸು? ಮನುಷ್ಯರಿಗೈತೆ."

"ಆದ್ರೆ ಎಲ್ರೂ ಕೂಡಿ ಮಾಡಿದ್ರೆ?"

"ಕೂಡಿ ಮಾಡಿದ್ರೆ ಪಾಲಾಗಿ ಕಮ್ಮಿ ಆಗ್ತೈತೆ ಅಂತ ತಿಳಕೊಂಡಿರ್ತಾರೆ. ಹತ್ತು ಜನ ಒಂದೇ ಕೊಳ್ಳಿಯಿಂದ ಹಚ್ಚಿಕೊಂಡ್ರೆ ಬೆಂಕಿ ಹತ್ತು ಪಾಲು ಆಗಲ್ಲ, ಹತ್ತು ಬೆಂಕಿ ಆಗ್ತವೆ. ಆಗಲಿ ಅಂತ ಮನಸ್ಸಿಟ್ಟು ನಿಂತೋರು ಎಷ್ಟು ಜನವೋ ಅಷ್ಟು ಜನಕ್ಕೂ ಪೂರ್ತಿ ಪೂರ್ತಿ. ಆ ಮನಸ್ಸು ಇಡದೋರಿಗೆ, ಅದೇ ಜಾಗದಾಗೆ ನಿಂತಿದ್ರೂ, ಇಲ್ಲ."

ಅಂಜಿನಮ್ಮನಿಗೆ ಇದು ಸಾಕಾಗಲಿಲ್ಲ. "ನನಗೆ ಊರಿಗೆ ಊರೇ ಸುಟ್ಟು ಬೂದಿ ಆಗಲಿ ಅನ್ನಿಸ್ತೈತೆ" ಎಂದಳು, ಹಲ್ಲು ಕಚ್ಚಿಕೊಂಡು.

"ಅವರು ನಿಮ್ಮ ಕೇರಿಯೋರನ್ನೆಲ್ಲ ಒಂದೇ ಗಂಟು ಕಟ್ಟಿದ್ರು. ಈಗ ನೀನು ಅವರನ್ನ ಕಟ್ತಾ ಇದ್ದೀಯ. ಆ ಸಿಟ್ಟು ಮಾತ್ರ ನಿಂದೇ, ಅದರಾಗೆ ಯಾರಿಗೂ ಪಾಲಿಲ್ಲ."

ಅವಳಿಗೆ ಅವರ ಮೇಲೂ ಸಿಟ್ಟು ಬಂತು. ಜಗಲಿಯ ಮೇಲೆ ಕೂತು ಹೇಳುವುದಕ್ಕೇನು! "ಸತ್ತಿದ್ದು ನನ್ನ ಅಕ್ಕ ಭಂತೇಜಿ."

"ಹೌದಮ್ಮ" ಎಂದರು ಅವರು. ಮತ್ತೊಂದು ಮಾತು ಸೇರಿಸಲಿಲ್ಲ. ಸೇರಿಸಿದ್ದರೆ ಅವಳು ಎದ್ದು ಹೋಗಿಬಿಡುತ್ತಿದ್ದಳು.

ಬಸ್ಸಿನಲ್ಲಿ ಕಿಟಕಿಗೆ ತಲೆ ಒತ್ತಿ, ಊರಿನ ಒಂದೊಂದೇ ಮನೆಯನ್ನು ನೆನೆನೆನೆದು ಶಪಿಸತೊಡಗಿದಳು. ಪಂಚಾಕ್ಷರಪ್ಪನ ಮನೆ, ಪೂಜಾರಿಯ ಮನೆ, ರಂಗಣ್ಣನ ಮನೆ. ಗೌಡರ ಮನೆಯ ಹತ್ತಿರ ಮಾತ್ರ ಶಾಪ ಮುಂದಕ್ಕೆ ಹೋಗದೆ ಸಿಕ್ಕಿಕೊಳ್ಳುತ್ತಿತ್ತು. ಅಲ್ಲಿ ಒಳಗೆ ಎಲ್ಲೋ ಕೈಗೆ ಬಟ್ಟೆ ಸುತ್ತಿಕೊಂಡ ಒಬ್ಬ ಮುದುಕಿ ಇದ್ದಳು. ಎಷ್ಟು ಸಲ ಹೊಸದಾಗಿ ಶುರು ಮಾಡಿದರೂ ಅಲ್ಲೇ ಬಂದು ನಿಲ್ಲುವುದು. ಅದಕ್ಕೂ ಅವಳಿಗೆ ಸಿಟ್ಟೇ ಬಂತು. ದ್ವೇಷ ಮಾಡುವುದಕ್ಕೂ ಇವರು ಪೂರ್ತಿ ಸಿಗುವುದಿಲ್ಲವಲ್ಲ!

ಸೋಮವಾರ ಓಬಣ್ಣ ಒಗೆದ ಅಂಗಿ ಹಾಕಿಕೊಂಡು ಹೊರಟ. ಅಂಜಿನಮ್ಮ ಹಿಂದೆಯೇ ನಡೆದಳು. ಬ್ಯಾಡ ಎಂದರೂ ಬಿಡಲಿಲ್ಲ. ಚಾವಡಿಯ ಮುಂದೆ ಕಂಬಳಿಯ ಮೇಲೆ ಕಾಳಿನ ರಾಶಿ ಆಗಲೇ ಆಗಿತ್ತು. ಕಟ್ಟೆಯ ಮೇಲೆ ಗಂಡಸರು, ದೂರದಲ್ಲಿ ಗೋಡೆಯ ನೆರಳಿಗೆ ಹೆಂಗಸರು. ಮಹೇಶ್ವರಪ್ಪ ತೋಳು ಮಡಚಿ ರಾಶಿಗೆ ಕೈ ಹಾಕಿ, ಕೆಳಗಿನದು ಮೇಲೆ ಮೇಲಿನದು ಕೆಳಗೆ ಮಾಡಿ ಕಲಸಿದ. ಪಂಚಾಕ್ಷರಪ್ಪ ಗಂಟಲು ಸರಿಮಾಡಿಕೊಂಡ.

"ಓಬಣ್ಣ, ಆದದ್ದು ಆಗಿ ಹೋತು. ಇದು ಒಬ್ಬರ ತಪ್ಪಲ್ಲ, ಊರೊಟ್ಟಿನ ತಪ್ಪು. ಎಲ್ರ ಕರ್ಮ ಕೂಡಿ ಬಂದು ಹಿಂಗಾತು. ಊರೆಲ್ಲ ನಿನ್ನ ಮುಂದೆ ತಲೆ ತಗ್ಗಿಸೈತೆ. ತಗೋ."

ತಲೆಗಳೇನೋ ತಗ್ಗಿದ್ದವು. ಓಬಣ್ಣ ಮೊಣಕಾಲೂರಿ ಬೊಗಸೆಯೊಡ್ಡಿ ರಾಶಿಗೆ ಬಾಗಿದ.

"ಅಪ್ಪ, ಕೈ ತೆಗಿ."

ದನಿ ಎಲ್ಲಿಂದ ಬಂತೆಂದು ಎಲ್ಲರೂ ಸುತ್ತ ನೋಡಿದರು. ಅಂಜಿನಮ್ಮ ಸೆರಗಿನ ಚುಂಗನ್ನು ಮುಷ್ಟಿಯಲ್ಲಿ ಬಿಗಿಹಿಡಿದು, ಮತ್ತೊಮ್ಮೆ ಹೇಳಿದಳು, ಈ ಸಲ ಕಟ್ಟೆಗೆ ಕೇಳುವ ಹಾಗೆ.

"ಏ ಹುಡುಗಿ, ಗಂಡಸರು ಮಾತಾಡೋ ಜಾಗ ಇದು" ಎಂದ ಮಹೇಶ್ವರಪ್ಪ.

"ಬಿ.ಎ. ಮಾತಾಡ್ತೈತೆ, ಸುಮ್ನಿರ್ರಿ ಪೂಜಾರಪ್ಪ" ಎಂದು ಯಾರೋ ಹಿಂದಿನಿಂದ ನಕ್ಕರು.

"ಒಂದೇ ಮಾತು ಕೇಳ್ತೀನಿ" ಎಂದಳು ಅವಳು. "ಈ ರಾಶಿಯಾಗೆ ದುರುಗಕ್ಕನ ಹಿಡಿ ಐತಾ?"

"ನಮ್ಮನೆ ಹಿಡಿ ಐತೆ ಅಂದ ಮೇಲೆ ಅವಳದೂ ಬಂತು" ಎಂದ ಪಂಚಾಕ್ಷರಪ್ಪ.

"ದುರುಗಕ್ಕ ಏನು ತಪ್ಪು ಮಾಡಿದ್ದಳು?"

ಗೋಡೆಯ ಕಡೆಯಿಂದ ಬಳೆಯಿಲ್ಲದ ಕೈಯೊಂದು ಮೇಲೆದ್ದಿತು, ಅದಕ್ಕೆ ಅರಿಶಿನದ ಬಟ್ಟೆ ಸುತ್ತಿತ್ತು.

"ಹೌದಲ್ಲೋ! ನಾನೇನು ಮಾಡಿದ್ದೆ?" ದುರುಗಕ್ಕ ಗಂಡಸರ ನಡುವೆಯೇ ದಾರಿ ಮಾಡಿಕೊಂಡು ಬಂದಳು. "ಆವತ್ತು ಕೈ ಹರಕೊಂಡೋಳು ನಾನು, ಇವತ್ತು ತಪ್ಪಾತು ಅನ್ನೋಳೂ ನಾನಾ? ನನ್ನ ಕಾಳು ನನಗೆ ಕೊಡು ಮೈದುನ."

"ಕಲಸಿದ ಮ್ಯಾಲೆ ಹೆಂಗೆ ತೆಗೀತಾರೆ ಅತ್ತಿಗೆ?"

"ಅದಕ್ಕೇ ಅಲ್ವೇನೋ ನೀವು ಕಲಸೋದು!"

ಕಟ್ಟೆಯ ಮೇಲೆ ಗುಜುಗುಜು ಎದ್ದಿತು. ತಳವಾರ ಹನುಮಣ್ಣ ಮೊದಲು ಬಾಯಿ ಬಿಟ್ಟ. "ಹಂಗೆ ನೋಡಿದ್ರೆ ನಾನೂ ಆವತ್ತು ಕೆರೆ ಏರಿ ಕಡೆ ಇದ್ದೆ. ಗಾಡಿ ಬಂದಿದ್ದೇ ನನಗೆ ಗೊತ್ತಿಲ್ಲ. ನನ್ನ ಹಿಡಿ ಯಾಕೆ?" ಇನ್ನೊಬ್ಬ, ತಾನು ಸಂತೆಗೆ ಹೋಗಿದ್ದೆನೆಂದ. ಮತ್ತೊಬ್ಬ, ತಾನು ಮಲಗಿದ್ದೆನೆಂದ. ಒಬ್ಬೊಬ್ಬನೂ ತನ್ನ ಹಿಡಿಯನ್ನು ರಾಶಿಯಿಂದ ಹೊರಗೆಳೆಯಲು ಹೋಗಿ, ಉಳಿದವರ ಹಿಡಿಯನ್ನು ಬೆರಳು ಮಾಡಿ ತೋರಿಸತೊಡಗಿದ.

"ಮುಳ್ಳು ಎಳೆದಿದ್ದು ರಂಗಣ್ಣ, ನಾವಲ್ಲ."

"ರಂಗಣ್ಣನ್ನ ಅಲ್ಲಿ ನಿಲ್ಲಿಸಿದ್ದು ಪೂಜಾರಪ್ಪ."

"ನಾನು ಶಾಸ್ತ್ರ ಹೇಳಿದೆ ಅಷ್ಟೇ. ಅಪ್ಪಣೆ ಗೌಡ್ರದು" ಎಂದ ಮಹೇಶ್ವರಪ್ಪ, ಕೈಗೆ ಮೆತ್ತಿದ್ದ ಹೊಟ್ಟನ್ನು ಪಂಚೆಗೆ ಒರೆಸಿಕೊಳ್ಳುತ್ತ.

"ನಾನು ಬಾಯಿ ಬಿಟ್ಟು ಬ್ಯಾಡ ಅಂದ್ನೇನ್ರೋ?" ಪಂಚಾಕ್ಷರಪ್ಪ ಎದ್ದು ನಿಂತ. "ಊರನ್ನ ಕೇಳು ಅಂದೆ!"

"ನೀನು ಊರನ್ನ ಕೇಳು ಅಂದ್ರೆ ಬ್ಯಾಡ ಅಂತ್ಲೇ ಅರ್ಥ" ಎಂದಳು ದುರುಗಕ್ಕ. "ಇಷ್ಟು ವರ್ಷ ನಿನಗೆ ರೊಟ್ಟಿ ಬಡಿದು ಹಾಕೀನಿ, ನನಗೆ ಗೊತ್ತಿಲ್ವ?"

ನಗು ಎದ್ದಿತು. ಆ ನಗುವೇ ಪಂಚಾಕ್ಷರಪ್ಪನನ್ನು ಕೆರಳಿಸಿತು. ಅತ್ತಿಗೆಯನ್ನು ಏನೂ ಅನ್ನಲಾರದೆ ಅವನು ಅಂಜಿನಮ್ಮನ ಕಡೆ ತಿರುಗಿದ. "ಊರು ಒಡೆಯಾಕೆ ಬಂದೀಯಾ? ಕೇಳ್ರಿ ಎಲ್ರೂ! ನಾಳೆಯಿಂದ ಕೇರಿಯೋರು ಯಾರೂ ಈ ಊರ ಹೊಲಕ್ಕೆ ಕಾಲಿಡಂಗಿಲ್ಲ. ಕೇರಿಗೆ ಕೇರಿ!"

ಅಂಜಿನಮ್ಮನ ಅಂಜಿಕೆ ಎಲ್ಲಿ ಹೋಯಿತೋ ಅವಳಿಗೇ ತಿಳಿಯಲಿಲ್ಲ. ಒಳಗಿನ ಕುದಿತವೆಲ್ಲ ಒಮ್ಮೆಲೇ ಬಾಯಿಗೆ ಬಂತು.

"ಬಾಳ ಚೆನ್ನಾಗೈತೆ ಗೌಡ್ರೆ ನಿಮ್ಮ ನ್ಯಾಯ! ಮಾತಾಡಿದೋಳು ನಾನೊಬ್ಬಳು, ಶಿಕ್ಷೆ ಕೇರಿಗೆಲ್ಲ. ದಾರಿ ಕಟ್ಟಿದೋರು ನೀವು ಮೂರು ಜನ, ತಪ್ಪು ಊರಿಗೆಲ್ಲ. ಮಕ್ಕಳಿಗೆ ಭೇದಿ ಆದ್ರೆ ಕೇರಿ ಕರ್ಮ. ನನ್ನಕ್ಕ ಸತ್ರೆ ಎಲ್ರ ಕರ್ಮ. ನೀವು ಮಾಡಿದ್ದು ಅಂತ ಒಂದಾದ್ರೂ ಐತೇನ್ರಿ ಈ ಭೂಮಿ ಮ್ಯಾಲೆ? ನಿಮ್ಮ ಹೆಸರಿನಾಗೆ? ಹೊಲ ಐತೆ, ಮನೆ ಐತೆ, ಕರ್ಮ ಮಾತ್ರ ಊರಿನ ಹೆಸರಿಗೆ ಬರೆಸೀರೇನು?"

ಓಬಣ್ಣ ಇನ್ನೂ ಮೊಣಕಾಲೂರಿಯೇ ಇದ್ದ. ಅವನು ಮಗಳನ್ನು ನೋಡಿದ, ರಾಶಿಯನ್ನು ನೋಡಿದ. ಆಮೇಲೆ ನೆಲಕ್ಕೆ ಕೈಯೂರಿ ಎದ್ದ. ಬೊಗಸೆ ಖಾಲಿಯಿತ್ತು.

"ಉಣ್ಣಲ್ಲ ನಾನು ಇದನ್ನ" ಎಂದ. "ಕೇರಿಗೆ ಏನು ಮಾಡ್ತೀರೋ ಮಾಡ್ರಿ. ನನ್ನ ಮಗಳನ್ನ ನಾನು ಉಂಡು ಮುಗಿಸಲ್ಲ."

ಜನ ಕದಲಿದರು. ಕೆಲವರು ಎದ್ದು ಹೊರಟೇಬಿಟ್ಟರು. ಆಗ ಕಟ್ಟೆಯ ಮೂಲೆಯಿಂದ ರಂಗಣ್ಣ ಇಳಿದು ಬಂದ. ಅಷ್ಟು ಹೊತ್ತು ಎಲ್ಲರೂ ಅವನ ಹೆಸರು ಹೇಳಿದ್ದರು, ಅವನು ಮಾತ್ರ ಮಾತಾಡಿರಲಿಲ್ಲ.

"ಮುಳ್ಳು ಎಳೆದಿದ್ದು ನಾನು" ಎಂದ. "ಎಳಿ ಅಂತ ಯಾರೂ ಬಾಯಿ ಬಿಟ್ಟು ಹೇಳಲಿಲ್ಲ. ಗೌಡ್ರು ನನ್ನ ಮುಖ ನೋಡಿದ್ರು, ನಾನು ಎಳೆದೆ. ಗಾಡಿಯೊಳಗೆ ಕೂಗೋದು ಕೇಳ್ತಿತ್ತು. ಕೇಳಿಸ್ಕೊಂತಾನೇ ಎಳೆದೆ."

"ಏ ರಂಗ, ಬಾಯಿ ಮುಚ್ಚು!" ಎಂದ ಪಂಚಾಕ್ಷರಪ್ಪ.

"ಮುಚ್ಚಿಕೊಂಡೇ ಇದ್ದೆ ಗೌಡ್ರೆ, ಇಷ್ಟು ದಿನ."

ಈ ಒಂದು ಮಾತಿಗಾಗಿ ಅಂಜಿನಮ್ಮ ಎಷ್ಟು ಹಾತೊರೆದಿದ್ದಳು. ಕೇಳಿದರೆ ಎದೆ ಹಗುರವಾದೀತು ಎಂದುಕೊಂಡಿದ್ದಳು. ಆಗಲಿಲ್ಲ. ಊರ ತುಂಬ ಹರಡಿಕೊಂಡಿದ್ದ ಸಿಟ್ಟು ಸುತ್ತಿ ಬಂದು ಒಬ್ಬನ ಮುಖದ ಮೇಲೆ ನಿಂತಿತು. ಆ ಮುಖ ಅವಳಿಗೆ ಚಿಕ್ಕಂದಿನಿಂದ ಗೊತ್ತಿದ್ದ ಮುಖ. ಊರನ್ನು ದ್ವೇಷಿಸುವುದು ಸುಲಭವಿತ್ತು.

"ತಪ್ಪಾತು ಅಂಜಿನಮ್ಮ" ಎಂದ ರಂಗಣ್ಣ.

"ಹೋಗಲಿ ಬಿಡು ಅನ್ನಾಕೆ ನನಗೆ ಬರಲ್ಲ."

"ಬ್ಯಾಡ. ಅನ್ನಬ್ಯಾಡ."

"ಇಲ್ಲಿ ಹೇಳಿದ್ದನ್ನ ಜಗಳೂರಿನಾಗೆ ಪೊಲೀಸರ ಮುಂದೆ ಹೇಳ್ತೀಯಾ?"

ರಂಗಣ್ಣ ಒಮ್ಮೆ ಗೌಡನ ಕಡೆ ನೋಡಿದ. ರಂಗಣ್ಣನ ಹೆಂಡತಿ ಹೆಂಗಸರ ನಡುವಿನಿಂದ "ಬ್ಯಾಡ ಕಣ್ರೀ" ಎಂದು ಅಳುದನಿಯಲ್ಲಿ ಕೂಗಿದಳು.

"ನಂದು ನಾನು ಹೇಳ್ತೀನಿ" ಎಂದ ರಂಗಣ್ಣ. "ಗೌಡ್ರದು ನನ್ನನ್ನ ಕೇಳಬ್ಯಾಡ."

"ಗೌಡ್ರದು ನಾನು ಹೇಳ್ತೀನಿ. ನಾನೂ ಅಲ್ಲೇ ಇದ್ದೆ" ಎಂದಳು ಅಂಜಿನಮ್ಮ.

"ನಾನೂ ಇದ್ದೆ" ಎಂದಳು ದುರುಗಕ್ಕ. "ಕರೆದ್ರೆ ಬರ್ತೀನಿ. ಮನೆಯಿಂದ ಹೊರಗೆ ಹಾಕಿದ್ರೆ ಕರೆಯದಿದ್ರೂ ಬರ್ತೀನಿ."

ಪಂಚಾಕ್ಷರಪ್ಪ ಏನೋ ಕೂಗುತ್ತಿದ್ದ. ಓಬಣ್ಣ ಬಿಸಿಲಿಗೆ ಹಣೆಯ ಮೇಲೆ ಕೈ ಅಡ್ಡ ಹಿಡಿದು ಸೂರ್ಯನನ್ನು ನೋಡಿದ.

"ನಡಿ ಮಗಳೇ, ಜಗಳೂರು ಬಸ್ಸಿಗೆ ಹೊತ್ತಾತು."

ಇಬ್ಬರೂ ಹೊರಟರು. ಸ್ವಲ್ಪ ದೂರ ಹೋದ ಮೇಲೆ ಹಿಂದಿನಿಂದ ಚಪ್ಪಲಿಯ ಸದ್ದು ಕೇಳಿಸಿತು. ಅಂಜಿನಮ್ಮ ತಿರುಗಿ ನೋಡಲಿಲ್ಲ. ರಂಗಣ್ಣನಿಗಾಗಿ ನಿಲ್ಲಲೂ ಇಲ್ಲ, ಹಿಂದೆ ಹೋಗು ಎನ್ನಲೂ ಇಲ್ಲ. ಸಿಟ್ಟು ಹಾಗೇ ಇತ್ತು. ಅದನ್ನು ಹೊತ್ತುಕೊಂಡೇ ಅವಳು ಬಿರಬಿರನೆ ನಡೆದಳು.